ಜೊತೆಯೇ ಬದುಕಾದ ಆಟ



ಷಟಲ್ ಬ್ಯಾಡ್ಮಿಂಟನ್ ಆಟದಲ್ಲಿ ಐದು ವಿಭಾಗಗಳಿವೆ. ಪುರುಷರ ಸಿಂಗಲ್ಸ್, ಮಹಿಳೆಯರ ಸಿಂಗಲ್ಸ್, ಪುರುಷರ ಡಬಲ್ಸ್, ಮಹಿಳೆಯರ ಡಬಲ್ಸ್, ಮತ್ತು ಒಬ್ಬ ಪುರುಷ ಒಬ್ಬ ಮಹಿಳೆ ಕೂಡಿ ಆಡುವ ಮಿಶ್ರ ಡಬಲ್ಸ್ ಎಂಬ ಈ ಐದರಲ್ಲಿ ಮೂರು ವಿಭಾಗಗಳು ಇಬ್ಬರು ಜೊತೆಯಾಗಿ ಆಡುವಂಥವು. ಒಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್ನಿಗೆ ಮೀಸಲಾದ ಐದು ಚಿನ್ನದ ಪದಕಗಳಲ್ಲಿಯೂ ಮೂರು ಡಬಲ್ಸ್‌ಗೆ ಸೇರಿವೆ. ಆದರೂ ನಮ್ಮ ನಾಡಿನಲ್ಲಿ ಈ ಆಟದ ಹೆಸರೆತ್ತಿದ ಕೂಡಲೇ ನೆನಪಿಗೆ ಬರುವವರೆಲ್ಲರೂ ಸಿಂಗಲ್ಸ್ ಆಟಗಾರರೇ ಆಗಿರುತ್ತಾರೆ. ಡಬಲ್ಸ್ ಆಟಗಾರರ ಬದುಕು ಎಂಥದು, ಅದು ಯಾವುದರ ಮೇಲೆ ನಿಲ್ಲುತ್ತದೆ, ಯಾವುದರಿಂದ ಕುಸಿಯುತ್ತದೆ ಎಂಬ ವಿಚಾರ ನಮ್ಮಲ್ಲಿ ಹೆಚ್ಚು ಚರ್ಚೆಗೆ ಬಂದಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ, ಮೂರು ಒಲಿಂಪಿಕ್ಸ್‌ಗಳಲ್ಲಿ ಆಡಿದ ಅಶ್ವಿನಿ ಪೊನ್ನಪ್ಪ ಅವರ ಕ್ರೀಡಾಜೀವನವನ್ನು ಮುಂದಿಟ್ಟುಕೊಂಡು ಆ ವಿಚಾರವನ್ನು ಬಿಡಿಸಿ ನೋಡುವುದು ಈ ಭಾಷಣದ ಉದ್ದೇಶ. ಇಡೀ ಮಾತಿನ ತಿರುಳು ಒಂದೇ: ಡಬಲ್ಸ್ ಆಟಗಾರರ ಸಾಧನೆ ಅವರ ಕೈಚಳಕದಷ್ಟೇ ಅವರ ಜೊತೆಗಾರಿಕೆಯ ಸಾಧನೆಯೂ ಆಗಿರುತ್ತದೆ.

ಮೊದಲಿಗೆ ನಮ್ಮ ಸುತ್ತಲಿನ ನೆಲವನ್ನೇ ನೋಡಬಹುದು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಯ ಕೇಳುಗರಿಗೆ ತಗಡಿನ ಚಾವಣಿಯ ಎತ್ತರದ ಷೆಡ್ಡುಗಳು ಹೊಸವಲ್ಲ. ಹಿಂದೆ ಖಾಲಿ ನಿವೇಶನವಾಗಿದ್ದ ಜಾಗದಲ್ಲಿ ಹಸಿರು ಮ್ಯಾಟ್ ಹಾಸಿ, ದೀಪ ಕಟ್ಟಿ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಈ ಅಂಕಣಗಳಲ್ಲಿ ಬೆಳಗ್ಗೆ ಐದೂವರೆಗೇ ಆಟ ಶುರುವಾಗುತ್ತದೆ. ಅಲ್ಲಿ ಆಡುವವರಲ್ಲಿ ಬಹುಪಾಲು ಮಂದಿ ಆಡುವುದು ಡಬಲ್ಸ್. ಬಾಡಿಗೆಯನ್ನು ನಾಲ್ವರು ಹಂಚಿಕೊಂಡರೆ ಹೊರೆ ಕಡಿಮೆಯಾಗುತ್ತದೆ, ಐವತ್ತು ದಾಟಿದವರಿಗೂ ಮೈಗೆ ಹಿತವೆನಿಸುತ್ತದೆ, ನಾಲ್ಕು ಜನರ ಗೆಳೆತನವೂ ಉಳಿಯುತ್ತದೆ. ಆದರೆ ಅದೇ ಷೆಡ್ಡಿಗೆ ಸಂಜೆ ತರಬೇತಿಗೆ ಬರುವ ಮಕ್ಕಳ ತಂದೆತಾಯಿಯರನ್ನು ವಿಚಾರಿಸಿದರೆ ಅವರ ಕನಸೆಲ್ಲ ಸಿಂಗಲ್ಸ್ ಚಾಂಪಿಯನ್ ಪಟ್ಟದ್ದೇ ಆಗಿರುತ್ತದೆ. ಹೀಗೆ ದೊಡ್ಡವರು ಆಡುವುದು ಡಬಲ್ಸ್, ಮಕ್ಕಳಿಗಾಗಿ ಹಾರೈಸುವುದು ಸಿಂಗಲ್ಸ್ ಎಂಬ ಸ್ಥಿತಿ ಉಂಟಾಗಿದೆ.

ಈ ಹಾರೈಕೆಗೆ ತಕ್ಕ ಕಾರಣವೂ ಇದೆ. ರಾಜಾಜಿನಗರಕ್ಕೆ ಅಂಟಿಕೊಂಡಿರುವ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ, ಮದುವೆಗಳಿಲ್ಲದ ದಿನಗಳಲ್ಲಿ ಅಭ್ಯಾಸ ಮಾಡುತ್ತ ಬೆಳೆದ ಪ್ರಕಾಶ್ ಪಡುಕೋಣೆ ಅವರು 1980ರಲ್ಲಿ ಆಲ್ ಇಂಗ್ಲೆಂಡ್ ಸಿಂಗಲ್ಸ್ ಪ್ರಶಸ್ತಿ ಗೆದ್ದು, ಕರ್ನಾಟಕದ ಮನೆಮನೆಗೂ ಈ ಆಟವನ್ನು ತಲುಪಿಸಿದರು. ಅವರ ಗೆಲುವಿನ ಬೆಳಕಿನಲ್ಲಿ ಬೆಳೆದ ನಾಡು ಸಿಂಗಲ್ಸ್ ಆಟವನ್ನು ಆದರ್ಶವೆಂದು ಕಂಡದ್ದು ಸಹಜವೇ ಆಗಿದೆ.

ಇಲ್ಲಿಯವರೆಗೆ ಹೇಳಿದ್ದು ಡಬಲ್ಸ್ ಆಟ ನಮಗೆ ಎಷ್ಟು ಹತ್ತಿರದ್ದು ಮತ್ತು ಅದರ ಆಟಗಾರರು ನಮ್ಮ ಗಮನದಿಂದ ಎಷ್ಟು ದೂರ ಎಂಬುದನ್ನು. ಇನ್ನು ಆಟದ ಒಳಗಿನ ಕ್ರಮವನ್ನು ತಿಳಿಯಬೇಕು.

ಬ್ಯಾಡ್ಮಿಂಟನ್ ಅಂಕಣದ ಉದ್ದ 44 ಅಡಿ. ಸಿಂಗಲ್ಸ್‌ನಲ್ಲಿ ಅಗಲ 17 ಅಡಿ, ಡಬಲ್ಸ್‌ನಲ್ಲಿ 20 ಅಡಿ. ಅಂದರೆ ಎರಡೂ ಪಕ್ಕಗಳಲ್ಲಿ ಒಂದೂವರೆ ಅಡಿಯಷ್ಟು ಜಾಗ ಹೆಚ್ಚುತ್ತದೆಯೇ ಹೊರತು, ಆಟಗಾರರ ಸಂಖ್ಯೆ ಎರಡರಷ್ಟಾದಂತೆ ಜಾಗ ಎರಡರಷ್ಟಾಗುವುದಿಲ್ಲ. ಆದ್ದರಿಂದ ಡಬಲ್ಸ್ ಅಂಕಣದಲ್ಲಿ ಖಾಲಿ ಜಾಗ ಕಡಿಮೆ, ಹೊಡೆತಗಳ ವೇಗ ಹೆಚ್ಚು, ಯೋಚಿಸಲು ಸಿಗುವ ಸಮಯ ಬಹಳ ಕಡಿಮೆ. ಸರ್ವ್ ಮಾಡುವಾಗ, ಎಂದರೆ ಆಟ ಆರಂಭಿಸುವ ಮೊದಲ ಹೊಡೆತದಲ್ಲಿ, ಷಟಲ್ ಬೀಳಬೇಕಾದ ಹಿಂಬದಿಯ ಗೆರೆ ಅಂಕಣದ ಕೊನೆಯ ಗೆರೆಗಿಂತ ಸುಮಾರು ಎರಡೂವರೆ ಅಡಿ ಒಳಗಿರುವುದರಿಂದ, ಎತ್ತರಕ್ಕೆ ದೂರ ಹೊಡೆದು ಸಮಯ ಗಳಿಸುವ ದಾರಿ ಅಲ್ಲಿ ಬಹುಮಟ್ಟಿಗೆ ಮುಚ್ಚಿದೆ. ನೆಟ್ಟನ್ನು ಸವರಿಕೊಂಡು ಹೋಗುವಂತೆ ತಗ್ಗಿನ ಸರ್ವ್ ಮಾಡಲೇಬೇಕಾಗುತ್ತದೆ, ಮತ್ತು ಅದು ಒಂದು ಅಂಗುಲ ಮೇಲೆ ಹೋದರೂ ಎದುರಾಳಿ ಅದನ್ನು ಬಡಿದು ಕೆಡವುತ್ತಾರೆ.

ಜೋಡಿಯ ನಿಲುವು ಎರಡು ಬಗೆ. ದಾಳಿ ಮಾಡುವಾಗ ಒಬ್ಬರು ನೆಟ್ಟಿನ ಬಳಿ, ಇನ್ನೊಬ್ಬರು ಹಿಂದೆ ನಿಲ್ಲುತ್ತಾರೆ; ಹಿಂದಿನವರು ಮೇಲಿನಿಂದ ಕೆಳಕ್ಕೆ ಬಿರುಸಾಗಿ ಹೊಡೆಯುವ ಸ್ಮ್ಯಾಷ್‌ಗೆ ಎದುರಾಳಿಗಳು ತಡವರಿಸಿ ಕೊಟ್ಟ ಉತ್ತರವನ್ನು ಮುಂದಿನವರು ಕತ್ತರಿಸಿ ಮುಗಿಸುತ್ತಾರೆ. ರಕ್ಷಣೆಗೆ ಇಳಿದಾಗ ಇಬ್ಬರೂ ಅಕ್ಕಪಕ್ಕ ಸರಿದು ಅರ್ಧರ್ಧ ಅಂಕಣವನ್ನು ಕಾಯುತ್ತಾರೆ. ಒಂದೇ ಅಂಕದ ಸೆಣಸಾಟದಲ್ಲಿ ಈ ಎರಡು ನಿಲುವುಗಳ ನಡುವೆ ನಾಲ್ಕೈದು ಸಲ ಬದಲಾಗಬೇಕಾಗಬಹುದು, ಮತ್ತು ಹಾಗೆ ಬದಲಾಗುವಾಗ ಕೂಗಿ ಹೇಳಲು ಸಮಯವಿರುವುದಿಲ್ಲ. ಬೆನ್ನ ಹಿಂದೆ ಜೊತೆಗಾರ್ತಿ ಎಲ್ಲಿದ್ದಾರೆ ಎಂಬುದು ತಿರುಗಿ ನೋಡದೆಯೇ ತಿಳಿದಿರಬೇಕು. ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತುಗಳಲ್ಲಿ ಒಂದು ಮುಂದೆ ಜಗ್ಗಿದರೆ ನೇಗಿಲ ಸಾಲು ಸೊಟ್ಟಗಾಗುವಂತೆ, ಇಬ್ಬರಲ್ಲಿ ಒಬ್ಬರು ಎಷ್ಟೇ ಬಲಶಾಲಿಯಾಗಿದ್ದರೂ ಇನ್ನೊಬ್ಬರ ಹೆಜ್ಜೆಗೆ ಹೊಂದದಿದ್ದರೆ ಜೋಡಿ ಸೋಲುತ್ತದೆ.

ಹೀಗೆ, ಡಬಲ್ಸ್ ಎಂದರೆ ಇಕ್ಕಟ್ಟಿನ ಜಾಗ, ಹೆಚ್ಚಿನ ವೇಗ ಮತ್ತು ಮಾತಿಲ್ಲದ ಹೊಂದಾಣಿಕೆ. ಈ ಮೂರನ್ನು ನೆನಪಿನಲ್ಲಿಟ್ಟುಕೊಂಡು ಅಶ್ವಿನಿ ಪೊನ್ನಪ್ಪ ಅವರತ್ತ ಹೊರಳಬಹುದು.

ಕೊಡವರ ಮಾಚಿಮಂಡ ಮನೆತನದ ಅಶ್ವಿನಿ ಅವರು ಹುಟ್ಟಿದ್ದು 1989ರ ಸೆಪ್ಟೆಂಬರ್ 18ರಂದು, ಬೆಂಗಳೂರಿನಲ್ಲಿ. ಕೊಡವ ಕುಟುಂಬಗಳಿಗೂ ಹಾಕಿಗೂ ಇರುವ ನಂಟು ಎಲ್ಲರಿಗೂ ತಿಳಿದದ್ದೇ. ಮನೆತನಗಳ ನಡುವೆಯೇ ಹಾಕಿ ಪಂದ್ಯಾವಳಿ ನಡೆಯುವ ಆ ಸಮಾಜದಲ್ಲಿ, ಸ್ವತಃ ಹಾಕಿ ಆಟಗಾರರಾಗಿದ್ದ ತಂದೆಯ ಮಗಳು ಬ್ಯಾಡ್ಮಿಂಟನ್ ಆಯ್ದುಕೊಂಡರು. ಕಿರಿಯರ ವಿಭಾಗದಲ್ಲಿಯೇ ಅವರಿಗೆ ರಾಷ್ಟ್ರೀಯ ಪ್ರಶಸ್ತಿಗಳು ಬಂದವು, ಮತ್ತು ಅವುಗಳಲ್ಲಿ ಬಾಲಕಿಯರ ಡಬಲ್ಸ್ ಪ್ರಶಸ್ತಿಗಳಿಗೆ ವಿಶೇಷ ಸ್ಥಾನವಿತ್ತು. ಹಿಂಬದಿಯಿಂದ ಬರುವ ಅವರ ಸ್ಮ್ಯಾಷ್‌ನ ಬಿರುಸು ಬೇಗನೆ ಗಮನ ಸೆಳೆಯಿತು. ಮಹಿಳೆಯರ ಡಬಲ್ಸ್‌ನಲ್ಲಿ ಅಷ್ಟು ಬಲವಾಗಿ ಹೊಡೆಯುವವರು ಆಗ ಬಹಳ ಮಂದಿ ಇರಲಿಲ್ಲ.

ಆದರೆ ಬಿರುಸಿನ ಸ್ಮ್ಯಾಷ್ ಅರ್ಧ ಆಯುಧ ಮಾತ್ರ. ಅದಕ್ಕೆ ನೆಟ್ಟಿನ ಬಳಿ ಚುರುಕಾದ ಕೈಯೊಂದು ಬೇಕು. ಆ ಕೈ ಹೈದರಾಬಾದಿನ ಜ್ವಾಲಾ ಗುಟ್ಟಾ ಅವರದಾಗಿತ್ತು. ಅಶ್ವಿನಿ ಅವರಿಗಿಂತ ಆರು ವರ್ಷ ಹಿರಿಯರಾಗಿದ್ದ ಜ್ವಾಲಾ ಎಡಗೈ ಆಟಗಾರ್ತಿ, ಅಶ್ವಿನಿ ಬಲಗೈಯವರು. ಎಡಗೈ ಮತ್ತು ಬಲಗೈ ಕೂಡಿದ ಜೋಡಿಗೆ ಡಬಲ್ಸ್‌ನಲ್ಲಿ ಒಂದು ಅನುಕೂಲವಿದೆ. ಇಬ್ಬರೂ ಅಕ್ಕಪಕ್ಕ ನಿಂತಾಗ ಎದುರಾಳಿಗಳು ಗುರಿಯಿಡುವುದು ಇಬ್ಬರ ನಡುವಿನ ಸಂದಿಗೆ, ಏಕೆಂದರೆ ಅದನ್ನು ಯಾರು ಹೊಡೆಯಬೇಕೆಂಬ ಅನುಮಾನ ಅಲ್ಲೇ ಹುಟ್ಟುತ್ತದೆ. ಎಡಗೈಯವರು ಬಲಭಾಗದಲ್ಲಿಯೂ ಬಲಗೈಯವರು ಎಡಭಾಗದಲ್ಲಿಯೂ ನಿಂತರೆ, ಇಬ್ಬರ ಬಲವಾದ ಕೈಗಳೂ ಆ ನಡುವಿನ ಸಂದಿಯತ್ತಲೇ ಇರುತ್ತವೆ. ಜಾಗ ಅದಲುಬದಲಾದರೆ ಎರಡೂ ಹೊರ ಅಂಚುಗಳು ಭದ್ರವಾಗುತ್ತವೆ. ಎದುರಾಳಿಗಳು ಪ್ರತಿ ಹೊಡೆತಕ್ಕೂ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ. ಮುಂದೆ ಜ್ವಾಲಾ ಅವರ ಸರ್ವ್ ಮತ್ತು ನೆಟ್ಟಿನ ಆಟ, ಹಿಂದೆ ಅಶ್ವಿನಿ ಅವರ ಸ್ಮ್ಯಾಷ್: ಒಬ್ಬರಲ್ಲಿ ಇಲ್ಲದ್ದನ್ನು ಇನ್ನೊಬ್ಬರು ತುಂಬಿಕೊಡುವ ಜೋಡಿ ಅದು.

ಅದರ ಮೊದಲ ದೊಡ್ಡ ಫಲ ದೆಹಲಿಯಲ್ಲಿ ಬಂತು. 2010ರ ಅಕ್ಟೋಬರ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದ ಕೊನೆಯ ದಿನ, ಫೈನಲ್‌ನಲ್ಲಿ ಸಿಂಗಪುರದ ಜೋಡಿಯನ್ನು ಎರಡು ನೇರ ಗೇಮ್‌ಗಳಲ್ಲಿ ಸೋಲಿಸಿ ಅಶ್ವಿನಿ ಮತ್ತು ಜ್ವಾಲಾ ಚಿನ್ನ ಗೆದ್ದರು. ಕಾಮನ್‌ವೆಲ್ತ್ ಕೂಟದ ಮಹಿಳೆಯರ ಡಬಲ್ಸ್‌ನಲ್ಲಿ ಭಾರತಕ್ಕೆ ದೊರೆತ ಮೊದಲ ಚಿನ್ನ ಅದು. ಆಗ ಅಶ್ವಿನಿ ಅವರಿಗೆ 21 ವರ್ಷ.

ಮರುವರ್ಷ, 2011ರ ಆಗಸ್ಟ್‌ನಲ್ಲಿ, ಲಂಡನ್ನಿನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಈ ಜೋಡಿ ಸೆಮಿಫೈನಲ್ ತಲುಪಿ, ಅಲ್ಲಿ ಚೀನಾದ ಟಿಯಾನ್ ಕಿಂಗ್ ಮತ್ತು ಝಾವೊ ಯುನ್ಲೈ ಅವರಿಗೆ ಸೋತು ಕಂಚಿನ ಪದಕ ಪಡೆಯಿತು. ಸೋಲಿಸಿದ ಆ ಚೀನಾ ಜೋಡಿಯೇ ಮರುವರ್ಷದ ಒಲಿಂಪಿಕ್ಸ್ ಚಿನ್ನ ಗೆದ್ದಿತು ಎಂದರೆ ಎದುರಾಳಿಗಳ ಮಟ್ಟ ಎಂಥದಿತ್ತು ಎಂಬುದು ತಿಳಿಯುತ್ತದೆ. ಈ ಕಂಚಿನ ಬೆಲೆ ಅರಿಯಬೇಕಾದರೆ 28 ವರ್ಷ ಹಿಂದಕ್ಕೆ ಹೋಗಬೇಕು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಬಂದ ಮೊಟ್ಟಮೊದಲ ಪದಕ 1983ರದು. ಅದನ್ನು ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಗೆದ್ದವರು ಪ್ರಕಾಶ್ ಪಡುಕೋಣೆ, ಅದೂ ಕಂಚು. ಎರಡನೆಯ ಪದಕವನ್ನು ತಂದವರು ಅಶ್ವಿನಿ ಮತ್ತು ಜ್ವಾಲಾ. ಎರಡು ಪದಕಗಳಲ್ಲಿಯೂ ಬೆಂಗಳೂರಿನ ಪಾಲಿದೆ. ಅಂದಿನಿಂದ 2025ರವರೆಗೆ ನಡೆದ ಯಾವ ವಿಶ್ವ ಚಾಂಪಿಯನ್‌ಷಿಪ್‌ನಿಂದಲೂ ಭಾರತ ಬರಿಗೈಯಲ್ಲಿ ಹಿಂದಿರುಗಿಲ್ಲ. ಸೈನಾ ನೆಹ್ವಾಲ್, ಪಿ.ವಿ. ಸಿಂಧು ಮೊದಲಾದವರು ಮುಂದೆ ಸಾಲುಸಾಲಾಗಿ ತಂದ ಪದಕಗಳಿಗೆ ಬಾಗಿಲು ತೆರೆದದ್ದು ಒಂದು ಡಬಲ್ಸ್ ಜೋಡಿ ಎಂಬುದನ್ನು ನಾವು ಎಷ್ಟು ಮಂದಿ ನೆನೆಯುತ್ತೇವೆ? 2012ರಲ್ಲಿ ಅಶ್ವಿನಿ ಅವರಿಗೆ ಅರ್ಜುನ ಪ್ರಶಸ್ತಿ ಸಂದಿತು.

ದೆಹಲಿಯ ಚಿನ್ನ ಮತ್ತು ಲಂಡನ್ನಿನ ಕಂಚು, ಇವೆರಡೂ ಮೊದಲ ಜೊತೆಗಾರಿಕೆಯ ಏರುಗಾಲ. ಮುಂದಿನದು ಪರೀಕ್ಷೆಯ ಕಾಲ.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಡಬಲ್ಸ್ ಪಂದ್ಯಗಳನ್ನು ಗುಂಪಿನ ಪದ್ಧತಿಯಲ್ಲಿ ನಡೆಸಲಾಯಿತು. ಅಂದರೆ ನಾಲ್ಕು ಜೋಡಿಗಳು ತಮ್ಮತಮ್ಮಲ್ಲೇ ಆಡಿ, ಅವುಗಳಲ್ಲಿ ಎರಡು ಮುಂದಿನ ಸುತ್ತಿಗೆ ಹೋಗುವ ಕ್ರಮ. ಅಶ್ವಿನಿ ಮತ್ತು ಜ್ವಾಲಾ ಜಪಾನ್ ಜೋಡಿಗೆ ಸೋತು, ಚೈನೀಸ್ ತೈಪೆ ಮತ್ತು ಸಿಂಗಪುರದ ಜೋಡಿಗಳನ್ನು ಸೋಲಿಸಿದರು. ಮೂರು ಜೋಡಿಗಳು ತಲಾ ಎರಡು ಗೆಲುವು ಪಡೆದು ಸಮನಾದವು. ಆಗ ಗಳಿಸಿದ ಮತ್ತು ಬಿಟ್ಟುಕೊಟ್ಟ ಅಂಕಗಳ ಅಂತರವನ್ನು ಎಣಿಸಲಾಯಿತು, ಮತ್ತು ಒಂದೇ ಒಂದು ಅಂಕದ ಕೊರತೆಯಿಂದ ಭಾರತದ ಜೋಡಿ ಕ್ವಾರ್ಟರ್ ಫೈನಲ್ ಅವಕಾಶ ಕಳೆದುಕೊಂಡಿತು. ಜಪಾನ್ ಮತ್ತು ತೈಪೆ ಜೋಡಿಗಳ ನಡುವಿನ ಪಂದ್ಯದ ಬಗ್ಗೆ ಭಾರತ ಆಕ್ಷೇಪ ಸಲ್ಲಿಸಿದರೂ ಅದಕ್ಕೆ ಮನ್ನಣೆ ದೊರೆಯಲಿಲ್ಲ. ಅದೇ ಕೂಟದ ಮಹಿಳೆಯರ ಡಬಲ್ಸ್‌ನಲ್ಲಿ, ಮುಂದಿನ ಸುತ್ತಿನ ಎದುರಾಳಿಯನ್ನು ಆಯ್ದುಕೊಳ್ಳುವ ಲೆಕ್ಕಾಚಾರದಿಂದ ಗೆಲ್ಲಲು ಪ್ರಯತ್ನಿಸಲಿಲ್ಲವೆಂದು ಚೀನಾ, ದಕ್ಷಿಣ ಕೊರಿಯಾ ಮತ್ತು ಇಂಡೊನೇಷ್ಯಾದ ಒಟ್ಟು ನಾಲ್ಕು ಜೋಡಿಗಳನ್ನು ಕೂಟದಿಂದ ಹೊರಹಾಕಲಾಯಿತು. ಎರಡು ಪಂದ್ಯ ಗೆದ್ದು, ಪೂರ್ಣ ಮನಸ್ಸಿನಿಂದ ಆಡಿ, ಒಂದು ಅಂಕಕ್ಕೆ ಮನೆಗೆ ಮರಳುವ ನೋವು ಚಿಕ್ಕದಲ್ಲ.

ಅನಂತರ ಜ್ವಾಲಾ ಕೆಲಕಾಲ ಆಟದಿಂದ ದೂರ ಉಳಿದರು. ಸಿಂಗಲ್ಸ್ ಆಟಗಾರ್ತಿಗೆ ಇಂಥ ಸಂದರ್ಭವೇ ಒದಗುವುದಿಲ್ಲ. ಡಬಲ್ಸ್‌ನಲ್ಲಾದರೋ ಒಬ್ಬರು ನಿಂತರೆ ಇನ್ನೊಬ್ಬರ ಶ್ರೇಯಾಂಕ, ಪ್ರವಾಸ, ಪಂದ್ಯಗಳ ಪ್ರವೇಶ ಎಲ್ಲವೂ ತೊಡಕಿಗೆ ಸಿಲುಕುತ್ತವೆ, ಏಕೆಂದರೆ ಶ್ರೇಯಾಂಕ ಸಿಗುವುದು ಜೋಡಿಗೆ. ಅಶ್ವಿನಿ ಅವರು 2013ರಲ್ಲಿ ಪ್ರಜ್ಞಾ ಗದ್ರೆ ಅವರೊಡನೆ ಆಡಿದರು. ಅನಂತರ ಜ್ವಾಲಾ ಮರಳಿದಾಗ ಹಳೆಯ ಜೋಡಿ ಮತ್ತೆ ಕೂಡಿತು, ಮತ್ತು 2014ರಲ್ಲಿ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದ ಬೆಳ್ಳಿ ಹಾಗೂ ಏಷ್ಯನ್ ಚಾಂಪಿಯನ್‌ಷಿಪ್‌ನ ಕಂಚು ಅವರದಾಯಿತು. ಅದೇ ವರ್ಷ ಮಹಿಳಾ ತಂಡಗಳ ವಿಶ್ವಮಟ್ಟದ ಪಂದ್ಯಾವಳಿಯಾದ ಊಬರ್ ಕಪ್‌ನಲ್ಲಿ ಭಾರತ ಕಂಚು ಗೆದ್ದಾಗ ಇಬ್ಬರೂ ತಂಡದಲ್ಲಿದ್ದರು. 2015ರಲ್ಲಿ ನೆದರ್ಲೆಂಡ್ಸ್ ಜೋಡಿಯನ್ನು ಸೋಲಿಸಿ ಕೆನಡಾ ಓಪನ್ ಗೆದ್ದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಗುಂಪಿನ ಮೂರೂ ಪಂದ್ಯಗಳಲ್ಲಿ ಸೋತರು. ಅಲ್ಲಿ ಅವರನ್ನು ಸೋಲಿಸಿದವರಲ್ಲಿ ಅದೇ ನೆದರ್ಲೆಂಡ್ಸ್ ಜೋಡಿಯೂ ಇತ್ತು. ಮೊದಲ ಜೊತೆಗಾರಿಕೆ ಅಲ್ಲಿಗೆ ಮುಗಿಯಿತು.

ಇನ್ನು ಎರಡನೆಯ ಜೊತೆ. ಅಶ್ವಿನಿ ಅವರಿಗೆ ಆಗ 27 ವರ್ಷ. ಹೊಸ ಜೊತೆಗಾರ್ತಿ ಎನ್. ಸಿಕ್ಕಿ ರೆಡ್ಡಿ ಅವರು ನಾಲ್ಕು ವರ್ಷ ಕಿರಿಯರು. ಇಷ್ಟು ಕಾಲ ಹಿರಿಯರ ಹಿಂದೆ ನಿಂತು ಹೊಡೆಯುತ್ತಿದ್ದವರು ಈಗ ಜೋಡಿಯ ಹೊಣೆಯನ್ನು ಹೊರಬೇಕಾಯಿತು. ಜೊತೆಗೆ ಮಿಶ್ರ ಡಬಲ್ಸ್‌ನಲ್ಲಿ ತಮಗಿಂತ ಸುಮಾರು ಹನ್ನೊಂದು ವರ್ಷ ಚಿಕ್ಕವರಾದ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಅವರೊಡನೆ ಆಡತೊಡಗಿದರು.

2018ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ಕಾಮನ್‌ವೆಲ್ತ್ ಕೂಟ ನಡೆಯಿತು. ಅಲ್ಲಿನ ಮಿಶ್ರ ತಂಡ ಸ್ಪರ್ಧೆಯಲ್ಲಿ ಐದೂ ವಿಭಾಗಗಳಿಗೆ ಒಂದೊಂದು ಪಂದ್ಯವಿದ್ದು, ಮೂರು ಗೆದ್ದ ತಂಡ ವಿಜಯಿಯಾಗುತ್ತದೆ. ಐದರಲ್ಲಿ ಮೂರು ಡಬಲ್ಸ್ ಆಗಿರುವುದರಿಂದ ಸಿಂಗಲ್ಸ್ ಆಟಗಾರರ ಬಲವೊಂದರಿಂದಲೇ ಅಲ್ಲಿ ಚಿನ್ನ ಗೆಲ್ಲಲಾಗದು. ಫೈನಲ್‌ನಲ್ಲಿ ಮಲೇಷ್ಯಾದ ಎದುರು ಮೊದಲ ಪಂದ್ಯಕ್ಕೆ ಇಳಿದವರು ಸಾತ್ವಿಕ್ ಮತ್ತು ಅಶ್ವಿನಿ. ಎದುರಿಗೆ ನಿಂತದ್ದು ರಿಯೊ ಒಲಿಂಪಿಕ್ಸ್‌ನ ಬೆಳ್ಳಿ ಗೆದ್ದ ಚಾನ್ ಪೆಂಗ್ ಸೂನ್ ಮತ್ತು ಗೋ ಲಿಯು ಯಿಂಗ್. ಮೂರು ಗೇಮ್‌ಗಳ ಹೋರಾಟದಲ್ಲಿ ಭಾರತದ ಜೋಡಿ ಗೆದ್ದಿತು. ಆ ಆರಂಭದ ಬಲದ ಮೇಲೆ ಭಾರತ 3–1ರಿಂದ ಜಯಿಸಿ, ಮಿಶ್ರ ತಂಡ ಸ್ಪರ್ಧೆಯ ಮೊದಲ ಚಿನ್ನ ಪಡೆಯಿತು. ಸಿಕ್ಕಿ ರೆಡ್ಡಿ ಅವರೊಡನೆ ಮಹಿಳೆಯರ ಡಬಲ್ಸ್‌ನಲ್ಲಿ ಕಂಚೂ ಬಂತು. 2010ರ ದೆಹಲಿ ಮತ್ತು 2022ರ ಬರ್ಮಿಂಗ್‌ಹ್ಯಾಮ್ ಕೂಟಗಳ ತಂಡ ಬೆಳ್ಳಿಗಳನ್ನೂ ಸೇರಿಸಿದರೆ, ಕಾಮನ್‌ವೆಲ್ತ್ ಕೂಟಗಳಲ್ಲಿ ಅಶ್ವಿನಿ ಅವರು ಪಾಲ್ಗೊಂಡು ಗಳಿಸಿದ ಪದಕಗಳು ಆರು: ಎರಡು ಚಿನ್ನ, ಮೂರು ಬೆಳ್ಳಿ, ಒಂದು ಕಂಚು. ಆದರೆ ಟೋಕಿಯೊ ಒಲಿಂಪಿಕ್ಸ್‌ಗೆ ಅರ್ಹತೆ ದೊರೆಯಲಿಲ್ಲ.

ಹಿರಿಯರೊಡನೆ ಮೊದಲ ಜೊತೆ, ಸರಿಸುಮಾರು ಸಮವಯಸ್ಕರೊಡನೆ ಎರಡನೆಯ ಜೊತೆ. ಮೂರನೆಯದು ಎಲ್ಲಕ್ಕಿಂತ ಕಠಿಣವಾದದ್ದು.

33ನೆಯ ವಯಸ್ಸಿನಲ್ಲಿ ಅಶ್ವಿನಿ ಅವರು ತನಿಷಾ ಕ್ರಾಸ್ಟೊ ಅವರೊಡನೆ ಹೊಸ ಜೋಡಿ ಕಟ್ಟಿದರು. ತನಿಷಾ 2003ರಲ್ಲಿ ಹುಟ್ಟಿದವರು. ಇಬ್ಬರ ನಡುವೆ ಹದಿಮೂರು ವರ್ಷಕ್ಕೂ ಹೆಚ್ಚಿನ ಅಂತರ. ಈ ವಯಸ್ಸಿಗೆ ಬಹಳಷ್ಟು ಆಟಗಾರ್ತಿಯರು ರ‍್ಯಾಕೆಟ್ ಕೆಳಗಿಟ್ಟಿರುತ್ತಾರೆ. ಹೊಸ ಜೋಡಿ ಎಂದರೆ ಶ್ರೇಯಾಂಕ ಪಟ್ಟಿಯಲ್ಲಿ ಕೆಳಗಿನಿಂದ ಮತ್ತೆ ಏರಬೇಕು, ಚಿಕ್ಕ ಪಂದ್ಯಾವಳಿಗಳಲ್ಲಿ ಆಡಬೇಕು, ಮೊದಲ ಸುತ್ತುಗಳಲ್ಲಿ ಬೆವರು ಸುರಿಸಬೇಕು. ವಿಶ್ವ ಚಾಂಪಿಯನ್‌ಷಿಪ್ ಪದಕ ಗೆದ್ದವರು ಅದಕ್ಕೆ ಸಿದ್ಧರಾದರು. 2023ರಲ್ಲಿ ಈ ಜೋಡಿ ಅಬುಧಾಬಿ ಮಾಸ್ಟರ್ಸ್, ಫ್ರಾನ್ಸಿನ ನಾಂಟ್ ಮತ್ತು ಗುವಾಹಟಿಯ ಪ್ರಶಸ್ತಿಗಳನ್ನು ಗೆದ್ದು, ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಿತು. ಪ್ಯಾರಿಸ್‌ನಲ್ಲಿ ದಕ್ಷಿಣ ಕೊರಿಯಾ, ಜಪಾನ್ ಮತ್ತು ಆಸ್ಟ್ರೇಲಿಯಾದ ಜೋಡಿಗಳಿಗೆ ಸೋತಿತು. 2024ರ ಜುಲೈ 30ರಂದು ಆ ಕೊನೆಯ ಪಂದ್ಯದ ಬಳಿಕ, ಇದು ತಮ್ಮ ಕೊನೆಯ ಒಲಿಂಪಿಕ್ಸ್ ಎಂದು ಅಶ್ವಿನಿ ತಿಳಿಸಿದರು. ಅವರಿಗೆ 35 ತುಂಬಲು ಕೆಲವೇ ವಾರಗಳು ಉಳಿದಿದ್ದವು.

ಮೂರು ಒಲಿಂಪಿಕ್ಸ್‌ಗಳಲ್ಲಿ ಪದಕವಿಲ್ಲ ಎಂದು ಒಂದೇ ಮಾತಿನಲ್ಲಿ ಈ ಬದುಕನ್ನು ಮುಗಿಸಿಬಿಡುವುದು ಸುಲಭ. ಅದು ಸರಿಯಾದ ಅಳತೆಯಲ್ಲ. ಕಿರಿಯಳಾಗಿ ಕಲಿತು, ಸಮಾನಳಾಗಿ ಹೊಣೆ ಹೊತ್ತು, ಹಿರಿಯಳಾಗಿ ಕಲಿಸಿ, ಮೂರು ಬೇರೆ ಬೇರೆ ಜೊತೆಗಳಲ್ಲಿ ಅಂತರರಾಷ್ಟ್ರೀಯ ಮಟ್ಟದಲ್ಲಿ ನಿಂತದ್ದು ಅಶ್ವಿನಿ ಅವರ ನಿಜವಾದ ಸಾಧನೆ. ಮಹಿಳೆಯರ ಡಬಲ್ಸ್‌ನಲ್ಲಿ ಭಾರತಕ್ಕೆ 2025ರವರೆಗೂ ಬಂದಿರುವ ವಿಶ್ವ ಚಾಂಪಿಯನ್‌ಷಿಪ್ ಪದಕ 2011ರ ಅದೊಂದೇ.

ಇಲ್ಲಿ ಹೋಲಿಕೆಗಾಗಿ ಡೆನ್ಮಾರ್ಕಿನತ್ತ ನೋಡುವುದು ಉಪಯುಕ್ತ. ಆ ದೇಶದ ಜನಸಂಖ್ಯೆ ಸುಮಾರು 60 ಲಕ್ಷ. 2011ರ ಜನಗಣತಿಯಲ್ಲಿಯೇ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು 96 ಲಕ್ಷವಿತ್ತು. ಇಷ್ಟು ಚಿಕ್ಕ ದೇಶ 2016ರಲ್ಲಿ ಪುರುಷರ ವಿಶ್ವ ತಂಡ ಪಂದ್ಯಾವಳಿಯಾದ ಥಾಮಸ್ ಕಪ್ ಗೆದ್ದು, ಆ ಗೌರವ ಪಡೆದ ಏಷ್ಯಾದ ಹೊರಗಿನ ಮೊದಲ ದೇಶವಾಯಿತು. ಅಲ್ಲಿನ ಊರೂರಿನ ಕ್ಲಬ್ಬುಗಳಲ್ಲಿ ಮಕ್ಕಳು ಹಿರಿಯರೊಡನೆ ಬೆರೆತು ಆಡುತ್ತಾರೆ, ಮತ್ತು ಡಬಲ್ಸ್‌ಗೆ ಸಿಂಗಲ್ಸ್‌ನಷ್ಟೇ ಮರ್ಯಾದೆ ಇದೆ. ಆ ದೇಶದ ಕಮಿಲಾ ರಿಟರ್ ಯೂಲ್ ಅವರು 2009ರಲ್ಲಿ ಹೈದರಾಬಾದಿನಲ್ಲಿ ಥಾಮಸ್ ಲೇಬೋರ್ನ್ ಅವರೊಡನೆ ಮಿಶ್ರ ಡಬಲ್ಸ್ ವಿಶ್ವ ಚಾಂಪಿಯನ್ ಆದರು. ಕ್ರಿಸ್ಟಿನಾ ಪೆಡರ್ಸನ್ ಅವರೊಡನೆ ಹಲವು ವರ್ಷ ಜೊತೆಯಾಗಿದ್ದು 2016ರ ಒಲಿಂಪಿಕ್ಸ್ ಬೆಳ್ಳಿಯನ್ನೂ 2018ರ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನೂ ಗೆದ್ದು, 34ನೆಯ ವಯಸ್ಸಿನಲ್ಲಿ ನಿವೃತ್ತರಾದರು. ಅವರ ಆಟ ಫಲ ಕೊಟ್ಟದ್ದು ಜೊತೆ ಗಟ್ಟಿಯಾಗಿ ಉಳಿದದ್ದರಿಂದ.

ಡೆನ್ಮಾರ್ಕಿನ ಇನ್ನೊಬ್ಬ ಡಬಲ್ಸ್ ಆಟಗಾರರ ನಿವೃತ್ತಿ ಜೀವನ ನೇರವಾಗಿ ಭಾರತವನ್ನು ಮುಟ್ಟಿತು. ಮಥಿಯಾಸ್ ಬೋ ಅವರು ಕಾರ್ಸ್ಟನ್ ಮೋಗೆನ್ಸನ್ ಅವರೊಡನೆ 2011 ಮತ್ತು 2015ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು, 2012ರಲ್ಲಿ ಒಲಿಂಪಿಕ್ಸ್ ಬೆಳ್ಳಿಯನ್ನು ಗೆದ್ದವರು. 2020ರಲ್ಲಿ ಆಟ ನಿಲ್ಲಿಸಿದ ಬಳಿಕ ಅವರು ಭಾರತಕ್ಕೆ ಬಂದು ಪುರುಷರ ಡಬಲ್ಸ್ ಜೋಡಿಯಾದ ಸಾತ್ವಿಕ್ ಮತ್ತು ಚಿರಾಗ್ ಶೆಟ್ಟಿ ಅವರಿಗೆ ತರಬೇತಿ ನೀಡಿದರು. ಡಬಲ್ಸ್ ಆಡಿ ಬಲ್ಲವರೇ ಡಬಲ್ಸ್ ಕಲಿಸಿದಾಗ ಏನಾಗುತ್ತದೆ ಎಂಬುದು ಅನಂತರದ ವರ್ಷಗಳಲ್ಲಿ ಕಂಡಿತು. ಭಾರತದ 2022ರ ಥಾಮಸ್ ಕಪ್ ವಿಜಯದಲ್ಲಿ ಈ ಜೋಡಿಯ ದೊಡ್ಡ ಪಾಲಿತ್ತು. ಅದೇ ವರ್ಷ ವಿಶ್ವ ಚಾಂಪಿಯನ್‌ಷಿಪ್ ಕಂಚು, 2023ರಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಮತ್ತು ಏಷ್ಯನ್ ಕ್ರೀಡಾಕೂಟದ ಚಿನ್ನ, ಬಳಿಕ ವಿಶ್ವದ ಮೊದಲ ಶ್ರೇಯಾಂಕ ಅವರದಾದವು.

ಅಂದರೆ, ಗಟ್ಟಿಯಾದ ಜೊತೆ ಮತ್ತು ಡಬಲ್ಸ್ ಬಲ್ಲ ಗುರು, ಇವೆರಡೂ ಕೂಡಿದಾಗ ನಮ್ಮ ಆಟಗಾರರು ಯಾರಿಗೂ ಕಡಿಮೆಯಲ್ಲ. ಹಾಗಾದರೆ ನಮ್ಮಲ್ಲಿ ಕೊರತೆ ಎಲ್ಲಿದೆ?

ಒಂದನೆಯದು, ಸಿಂಗಲ್ಸ್‌ನಲ್ಲಿ ಮುಂದೆ ಬರಲಾಗದವರಿಗೆ ಉಳಿದ ದಾರಿ ಡಬಲ್ಸ್ ಎಂಬ ತಪ್ಪು ಭಾವನೆ. ತಗ್ಗಿನ ಸರ್ವ್, ನೆಟ್ಟಿನ ಬಳಿಯ ಚುರುಕು, ನೆಲಕ್ಕೆ ಸಮಾನಾಂತರವಾಗಿ ಬಿರುಸಾಗಿ ಹೊಡೆಯುವ ಡ್ರೈವ್, ನಿಲುವು ಬದಲಿಸುವ ಹೆಜ್ಜೆಗಾರಿಕೆ, ಇವು ಚಿಕ್ಕಂದಿನಿಂದಲೇ ಬೇರೆಯಾಗಿ ಕಲಿಯಬೇಕಾದ ವಿದ್ಯೆಗಳು. ಎರಡನೆಯದು, ಹಣ. ದೊಡ್ಡ ಪಂದ್ಯಾವಳಿಗಳಲ್ಲಿ ಡಬಲ್ಸ್ ಗೆದ್ದ ಜೋಡಿಗೆ ಸಿಗುವ ಬಹುಮಾನ ಸಿಂಗಲ್ಸ್ ವಿಜೇತರೊಬ್ಬರಿಗೆ ಸಿಗುವ ಮೊತ್ತಕ್ಕಿಂತ ಅಲ್ಪವೇ ಹೆಚ್ಚು. ಅದನ್ನು ಇಬ್ಬರು ಹಂಚಿಕೊಳ್ಳಬೇಕು, ಪ್ರವಾಸದ ವೆಚ್ಚ ಮಾತ್ರ ತಲೆಗೊಂದರಂತೆ ಇಮ್ಮಡಿ. ಮೂರನೆಯದು, ತಾಳ್ಮೆ. ಎರಡು ಪಂದ್ಯಾವಳಿ ಸೋತ ಕೂಡಲೇ ಜೋಡಿ ಬದಲಿಸುವ ಅವಸರ ಕಿರಿಯರ ಹಂತದಲ್ಲಿ ಹೆಚ್ಚಾಗಿದೆ. ಬೆನ್ನ ಹಿಂದಿನ ಜೊತೆಗಾರರ ಹೆಜ್ಜೆ ತಿರುಗಿ ನೋಡದೆ ತಿಳಿಯಬೇಕಾದರೆ ಅಂಥ ಅವಸರದಲ್ಲಿ ಸಾಧ್ಯವಾಗದು.

ಪಶ್ಚಿಮ ಬೆಂಗಳೂರಿನ ತಂದೆತಾಯಿಯರಲ್ಲಿ, ತರಬೇತುದಾರರಲ್ಲಿ, ಷೆಡ್ಡು ನಡೆಸುವವರಲ್ಲಿ ಈ ಭಾಷಣದ ಬಿನ್ನಹ ಸರಳವಾದದ್ದು. ವಾರದ ಆರು ದಿನಗಳ ತರಬೇತಿಯಲ್ಲಿ ಎರಡು ದಿನವನ್ನಾದರೂ ಡಬಲ್ಸ್‌ಗೆ ಮೀಸಲಿಡಿ. ಇಬ್ಬರು ಮಕ್ಕಳು ಜೊತೆಯಾಗಿ ಚೆನ್ನಾಗಿ ಆಡುತ್ತಿದ್ದರೆ ಆ ಜೋಡಿಯನ್ನು ಒಂದೆರಡು ಸೋಲಿಗೆ ಒಡೆಯದೆ ಕನಿಷ್ಠ ಎರಡು ವರ್ಷ ಕಾಪಾಡಿ. ಸೋತು ಹೊರಬಂದ ಮಗುವಿಗೆ, ತಪ್ಪು ಜೊತೆಗಾರರದೆಂದು ಎಂದೂ ಹೇಳಿಕೊಡಬೇಡಿ. ಬೆಳಗಿನ ಹೊತ್ತು ಅದೇ ಅಂಕಣದಲ್ಲಿ ನಾಲ್ವರಾಗಿ ಆಡುವ ಹಿರಿಯರು ವಾರಕ್ಕೊಮ್ಮೆ ಮಕ್ಕಳನ್ನು ತಮ್ಮ ಜೊತೆಗೆ ಸೇರಿಸಿಕೊಳ್ಳಿ. ಹಿರಿಯರೊಬ್ಬರ ಜೊತೆಯಲ್ಲಿ ಆಡಿ ಬೆಳೆದ ಅಶ್ವಿನಿ ಪೊನ್ನಪ್ಪ ಅವರು ಮುಂದೆ ತಾವೇ ಹಿರಿಯರಾಗಿ, ಹದಿಮೂರು ವರ್ಷ ಕಿರಿಯರಾದ ಆಟಗಾರ್ತಿಯನ್ನು ಒಲಿಂಪಿಕ್ಸ್ ಅಂಕಣಕ್ಕೆ ಜೊತೆಯಾಗಿ ಕರೆದೊಯ್ದರು. ನಮ್ಮ ಬಡಾವಣೆಗಳ ಮಕ್ಕಳಿಗೂ ಅಂಥ ಜೊತೆ ಸಿಗುವಂತೆ ಮಾಡುವುದು ನಮ್ಮೆಲ್ಲರ ಹೊಣೆ.